ಜೊತೆಗೆ ಯಾರಿರುತ್ತಾರೋ ಗೊತ್ತಿಲ್ಲ, ಮಾತು ಯಾರ ಬಾಯಿಗೆ ಹಾಕೋದು? ಆರ್‌ಪಿಜಿ ಮೇಕರ್ ಎಂಝಡ್

ಹೇಮಾವತಿ_ದಂಡೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಗೇಮ್ ತಯಾರಿಸುವ ಸಾಫ್ಟ್‌ವೇರ್ ಆರ್‌ಪಿಜಿ ಮೇಕರ್ ಎಂಝಡ್‌ನಲ್ಲಿ ಒಂದು ಕನ್ನಡ ಗೇಮ್ ಮಾಡುತ್ತಿದ್ದೇನೆ. ನಾಯಕಿ ಚಂದ್ರಿ. ಅವಳ ಜೊತೆ ಬರಬಲ್ಲವರು ಏಳು ಜನ: ದೊಡ್ಡೇಗೌಡ್ರು, ಎಸ್ಟೇಟ್ ರೈಟರ್ ಕೆಂಚಪ್ಪ, ನಾಟಿ ಔಷಧಿ ಕೊಡುವ ಸೀತಮ್ಮ, ಜೀಪ್ ರಫೀಕ್, ಗಾರ್ಡ್ ಲೋಕೇಶ, ಮೇಷ್ಟ್ರು, ಪುಟ್ಟಿ. ಆಟ ಆಡುವವರು ಇವರಲ್ಲಿ ಮೂವರನ್ನು ಆರಿಸಿಕೊಂಡು ಮಂಜರಾಬಾದ್ ಕೋಟೆ ಹತ್ತಬೇಕು.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ಏಳೂ ಜನರನ್ನು ಮೊದಲೇ ಪಾರ್ಟಿಗೆ (ಚಂದ್ರಿಯ ತಂಡಕ್ಕೆ) ಸೇರಿಸಿ, ತಂಡದ ಸಾಲು ಬದಲಿಸುವ ಫಾರ್ಮೇಷನ್ ಮೆನುವಿನಲ್ಲಿ ಬೇಕಾದವರನ್ನು ಮುಂದೆ ತರುವ ಹಾಗೆ ಬಿಟ್ಟಿದ್ದೇನೆ. ಪ್ರತಿ ಮಾತಿಗೂ ‘ಇವರು ಪಾರ್ಟಿಯಲ್ಲಿ ಇದ್ದಾರಾ’ ಎಂಬ ಕಂಡಿಷನಲ್ ಬ್ರ್ಯಾಂಚ್ ಇದೆ, ಅಂದರೆ ಷರತ್ತು ನಿಜವಾದರೆ ಮಾತ್ರ ಮಾತು ಬರುವ ಕಮಾಂಡ್. ಆದರೂ ತೆರೆಯ ಮೇಲೆ ಕಾಣದ ಸೀತಮ್ಮ ಕೋಟೆ ಬಾಗಿಲಲ್ಲಿ ಮಾತಾಡುತ್ತಾರೆ!

ಎರಡು, ಏಳರಲ್ಲಿ ಮೂರು ಅಂದರೆ 35 ಗುಂಪು. ಒಂದೊಂದು ಗುಂಪಿಗೂ ಒಂದೊಂದು ಸಂಭಾಷಣೆ ಬರೆಯುತ್ತಾ ಕೂತರೆ ಈ ಜನ್ಮದಲ್ಲಿ ಮುಗಿಯೋದಿಲ್ಲ.

ಮೂರು, ಹೆಸರು ತಾನಾಗಿಯೇ ಬರುವ ಕೋಡ್ ಹಾಕಿದರೆ ‘ಗೌಡ್ರು ಜಾರಿ ಬಿದ್ದ’ ಅಂತ ಬರುತ್ತದೆ. ನಮ್ಮ ತಾತ ನೋಡಿದರೆ ಕಂಪ್ಯೂಟರ್ ತೆಗೆದು ಹೊಳೆಗೆ ಎಸೀತಾರೆ.

ರಾತ್ರಿಗೂಬೆ, ಚಿಕ್ಕಮಗಳೂರು

ಮೊದಲು ಸೀತಮ್ಮನ ವಿಷಯ ಮುಗಿಸೋಣ, ಅದು ಸುಲಭ. ನಿಮ್ಮ ಕಂಡಿಷನಲ್ ಬ್ರ್ಯಾಂಚ್ ಸರಿಯಾಗೇ ಕೆಲಸ ಮಾಡುತ್ತಿದೆ. ಮ್ಯಾಪ್ ಮೇಲೆ ಇರುವಾಗ ಅದು ಪಾರ್ಟಿಗೆ ಸೇರಿಸಿದ ಎಲ್ಲರನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಚಂದ್ರಿಯ ಹಿಂದೆ ನಡೆಯೋದು, ಕಾದಾಟಕ್ಕೆ ಇಳಿಯೋದು ಮೊದಲ ನಾಲ್ವರು ಮಾತ್ರ. ಉಳಿದವರು ಕಾಣೋದಿಲ್ಲ, ಆದರೆ ಪಟ್ಟಿಯಲ್ಲಿ ಇದ್ದೇ ಇರುತ್ತಾರೆ.

ಅದೇ ಬ್ರ್ಯಾಂಚ್‌ನ ಸ್ಕ್ರಿಪ್ಟ್ ಜಾಗದಲ್ಲಿ ಆ ಆಕ್ಟರ್‌ಗೆ (ಪಾತ್ರಕ್ಕೆ) ‘ಈಸ್‌ಬ್ಯಾಟಲ್‌ಮೆಂಬರ್’ ಅಂತ ಕೇಳಿದರೆ ಮೊದಲ ನಾಲ್ವರಲ್ಲಿ ಇದ್ದಾರಾ ಅಂತ ಗೊತ್ತಾಗುತ್ತದೆ. ಆದರೆ ನಾನಾಗಿದ್ದರೆ ಆ ದಾರಿ ಹಿಡಿಯುತ್ತಿರಲಿಲ್ಲ. ಏಳೂ ಜನ ಪಾರ್ಟಿಯಲ್ಲೇ ಇದ್ದರೆ ಆಟಗಾರ ಕೋಟೆಯ ನಟ್ಟನಡುವೆ ಮೆನು ತೆರೆದು ಮೇಷ್ಟ್ರನ್ನು ಒಳಗೆ ಹಾಕಿ ಪುಟ್ಟಿಯನ್ನು ಹೊರಗೆ ತೆಗೆಯಬಹುದು. ನಿಮ್ಮ ಕಥೆಗೆ ಅದು ಒಗ್ಗುತ್ತಾ? ಸಕಲೇಶಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಆಯ್ಕೆಯ ದೃಶ್ಯ ಇಡಿ. ಅಲ್ಲೇ ‘ಚೇಂಜ್ ಪಾರ್ಟಿ ಮೆಂಬರ್’ ಕಮಾಂಡ್‌ನಿಂದ ಮೂವರನ್ನು ಸೇರಿಸಿ, ಉಳಿದವರನ್ನು ನಿಜವಾಗಿಯೂ ತೆಗೆಯಿರಿ. ಮತ್ತೆ ಸೇರಿಸುವಾಗ ‘ಇನಿಷಿಯಲೈಸ್’ ಅನ್ನೋದಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ಅವರ ಲೆವೆಲ್ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಆಗ ನಿಮ್ಮ ಹಳೇ ಬ್ರ್ಯಾಂಚ್‌ಗಳು ಒಂದನ್ನೂ ಮುಟ್ಟದೆ ಸರಿಹೋಗುತ್ತವೆ.

ಜೊತೆಗೆ ಇನ್ನೊಂದು ಪರೀಕ್ಷೆ ಸೇರಿಸಿ: ಆಸಾಮಿ ಎಚ್ಚರವಾಗಿ ಇದ್ದಾನಾ? ಕಾದಾಟದಲ್ಲಿ ಮೂರ್ಛೆ ಹೋದವರೂ ಪಾರ್ಟಿಯಲ್ಲೇ ಇರುತ್ತಾರೆ. ರಫೀಕ್ ಪ್ರಜ್ಞೆ ತಪ್ಪಿ ಬಿದ್ದಿರುವಾಗಲೇ ಜೋಕ್ ಹೊಡೆದರೆ ಚೆನ್ನಾಗಿರೋದಿಲ್ಲ, ಅಲ್ವಾ? ‘ಈಸ್‌ಅಲೈವ್’ ಅಂತ ಕೇಳಿದರೆ ಸಾಕು.

ಇನ್ನು 35ರ ಲೆಕ್ಕ. ಗುಂಪಿಗೆ ಬರೆಯಬೇಡಿ, ಸಂದರ್ಭಕ್ಕೆ ಬರೆಯಿರಿ. ಕೋಟೆಯ ದೃಶ್ಯದಲ್ಲಿ ಏನೇನು ಹೇಳಲೇಬೇಕು ಅಂತ ಮೊದಲು ಗುರುತು ಮಾಡಿಕೊಳ್ಳಿ. ಉದಾಹರಣೆಗೆ ಮದ್ದುಗುಂಡು ಇಡುತ್ತಿದ್ದ ನೆಲಮನೆಯ ಬಾಗಿಲು. ಇಲ್ಲಿ ಆಟಗಾರನಿಗೆ ಮುಟ್ಟಬೇಕಾದ ವಿಷಯ ಒಂದೇ: ಒಳಗೆ ನೀರು ನಿಂತಿದೆ, ಸೀದಾ ಕಾಲಿಡಬೇಡ. ಇದನ್ನು ಒಬ್ಬೊಬ್ಬರೂ ಅವರವರ ರೀತಿಯಲ್ಲಿ ಹೇಳಲಿ:

ಗೌಡ್ರು: ‘ಏಯ್, ನಿಲ್ಲು ಮಗಾ. ಮಳೆಗಾಲದ ನೀರು ಇನ್ನೂ ಬತ್ತಿಲ್ಲ ಇದ್ರೊಳಗೆ.’

ರಫೀಕ್: ‘ಮೇಡಂ, ಜೀಪಾಗಿದ್ರೆ ರಿವರ್ಸ್ ತಗೋಬಹುದಿತ್ತು. ಇಲ್ಲಿ ಕಾಲಿಟ್ರೆ ಸೊಂಟದವರೆಗೂ ನೀರು.’

ಪುಟ್ಟಿ: ‘ಅಕ್ಕಾ, ಕಪ್ಪೆ ಕೂಗ್ತಾ ಇದೆ! ಒಳಗಡೆ ನೀರಿದೆ ಅಕ್ಕಾ!’

ಯಾರೂ ಇಲ್ಲದಿದ್ದರೆ ಚಂದ್ರಿ ತಾನೇ: ‘ಕಪ್ಪೆ ಸದ್ದು ಕೇಳ್ತಿದೆ. ನೀರು ನಿಂತಿರಬೇಕು.’

ಈ ಕೊನೆಯ ಸಾಲನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಚಂದ್ರಿ ಯಾವಾಗಲೂ ಇದ್ದೇ ಇರುತ್ತಾಳೆ. ಹಾಗಾಗಿ ಕಥೆ ಮುಂದೆ ಹೋಗಲು ಬೇಕಾದ ಯಾವ ಮಾಹಿತಿಯೂ ಜೊತೆಗಾರರ ಬಾಯಲ್ಲಿ ಮಾತ್ರ ಉಳಿದುಬಿಡಬಾರದು. ಚಂದ್ರಿಯ ಸಾಲುಗಳನ್ನಷ್ಟೇ ಓದಿದರೂ ಕಥೆ ಅರ್ಥ ಆಗಬೇಕು. ಆಮೇಲೆ ಬರೆಯೋದೆಲ್ಲ ರುಚಿಗೆ. ಒಂದು ಸಂದರ್ಭಕ್ಕೆ ಹೆಚ್ಚೆಂದರೆ ಎಂಟು ಸಾಲು. ಎಂಟೂ ಬೇಕಿಲ್ಲ. ಲೋಕೇಶನಿಗೆ ಆ ಜಾಗದಲ್ಲಿ ಹೇಳೋಕೆ ಏನೂ ಇಲ್ಲ ಅಂದರೆ ಬಿಟ್ಟುಬಿಡಿ, ಸುಮ್ನೆ ‘ಹೌದು, ನೀರಿದೆ’ ಅನ್ನಿಸಬೇಡಿ.

ಹಳೇ ಗೇಮ್‌ಗಳು ಇದನ್ನು ಬೇರೆ ಬೇರೆ ರೀತಿ ದಾಟಿವೆ. 1988ರ ಡ್ರ್ಯಾಗನ್ ಕ್ವೆಸ್ಟ್ 3ರಲ್ಲಿ ಜೊತೆಗಾರರನ್ನು ಆಟಗಾರನೇ ಸೃಷ್ಟಿ ಮಾಡಿಕೊಳ್ಳುತ್ತಾನೆ, ಆದರೆ ಅವರು ಕಥೆಯಲ್ಲಿ ಬಾಯಿ ಬಿಡೋದಿಲ್ಲ. ತಲೆನೋವೇ ಇಲ್ಲ. 1995ರ ಕ್ರೋನೋ ಟ್ರಿಗರ್‌ನಲ್ಲಿ ಯಾರನ್ನು ಕರೆದುಕೊಂಡು ಹೋದರೂ ಆ ಪಾತ್ರದ ಧಾಟಿಯಲ್ಲೇ ಮಾತು ಬರುತ್ತದೆ. ನಿಮಗೆ ಬೇಕಿರೋದು ಈ ಎರಡನೇ ತರಹದ್ದು.

ಹೇಮಾವತಿ_ದಂಡೆ, ಸಕಲೇಶಪುರ

ಸೀತಮ್ಮ ಬಾಯಿ ಮುಚ್ಚಿಕೊಂಡರು, ತುಂಬಾ ಥ್ಯಾಂಕ್ಸ್ ಸರ್. ಸಂದರ್ಭದ ಲೆಕ್ಕವೂ ಅರ್ಥ ಆಯ್ತು. ಆದರೆ ಮೂವರಿಗೂ ಒಂದೇ ಜಾಗದಲ್ಲಿ ಸಾಲು ಇದ್ದರೆ ಯಾರನ್ನು ಆರಿಸೋದು? ಬ್ರ್ಯಾಂಚ್‌ಗಳನ್ನು ಒಂದರ ಕೆಳಗೊಂದು ಇಟ್ಟರೆ ಯಾವಾಗಲೂ ಮೇಲಿರುವ ಗೌಡ್ರೇ ಮಾತಾಡುತ್ತಾರೆ.

ರಾತ್ರಿಗೂಬೆ, ಚಿಕ್ಕಮಗಳೂರು

ಗೌಡ್ರು ಅಂದ ಮೇಲೆ ಮಾತಾಡಲೇಬೇಕಲ್ಲ ಮಾರಾಯ್ರೆ!

ಇದಕ್ಕೆ ಒಂದು ಒಳ್ಳೆ ದಾರಿ ವಾಲ್ವ್ ಕಂಪನಿಯವರದ್ದು. 2012ರ ಜಿಡಿಸಿ ಎಂಬ ಗೇಮ್ ತಯಾರಕರ ಸಮ್ಮೇಳನದಲ್ಲಿ ಎಲಾನ್ ರಸ್ಕಿನ್ ಅದನ್ನು ವಿವರಿಸಿದ್ದರು. ಲೆಫ್ಟ್ 4 ಡೆಡ್‌ನಂಥ ಗೇಮ್‌ಗಳಲ್ಲಿ ಪ್ರತಿ ಮಾತಿಗೂ ಷರತ್ತುಗಳು ಅಂಟಿಕೊಂಡಿರುತ್ತವೆ. ಆ ಕ್ಷಣಕ್ಕೆ ಹೊಂದುವ ಮಾತುಗಳಲ್ಲಿ ಯಾವುದಕ್ಕೆ ಷರತ್ತು ಜಾಸ್ತಿ ಇದೆಯೋ ಅದೇ ಗೆಲ್ಲುತ್ತದೆ. ‘ಗೌಡ್ರು ಇದ್ದಾರೆ’ ಎಂಬ ಸಾಲಿಗಿಂತ ‘ಗೌಡ್ರು ಇದ್ದಾರೆ, ಕೆಂಚಪ್ಪನೂ ಇದ್ದಾನೆ, ಇಬ್ಬರಿಗೂ ಬಟವಾಡೆ ವಿಷಯಕ್ಕೆ ಜಗಳ ಆಗಿದೆ’ ಎಂಬ ಸಾಲು ಮೇಲೆ. ನೀವು ಸಾಲು ಸೇರಿಸುತ್ತಾ ಹೋದ ಹಾಗೆ ಹಳೇ ಸಾಲುಗಳನ್ನು ಮುಟ್ಟುವ ಕೆಲಸವೇ ಬರೋದಿಲ್ಲ.

ನಿಮಗೆ ಅಷ್ಟು ದೊಡ್ಡ ಯಂತ್ರ ಬೇಡ. ಬ್ರ್ಯಾಂಚ್‌ಗಳನ್ನು ಷರತ್ತು ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಜೋಡಿಸಿ. ಎಲ್ಲಕ್ಕಿಂತ ಕೆಳಗೆ ಚಂದ್ರಿ. ಇಬ್ಬರ ಸಾಲುಗಳ ಷರತ್ತು ಸಮ ಬಂದಾಗ ಏನು ಮಾಡೋದು ಅಂದರೆ, ಒಂದು ವೇರಿಯಬಲ್‌ನಲ್ಲಿ (ಗೇಮ್ ಏನಾದರೂ ನೆನಪಿಟ್ಟುಕೊಳ್ಳುವ ಜಾಗ) ‘ಕಳೆದ ಸಲ ಮಾತಾಡಿದವರು’ ಅಂತ ಆಕ್ಟರ್ ನಂಬರ್ ಇಟ್ಟುಕೊಳ್ಳಿ. ಅವರ ಸರದಿ ಬಂದರೆ ದಾಟಿ ಮುಂದಿನವರನ್ನು ನೋಡಿ. ಬೇರೆ ಯಾರೂ ಸಿಗದಿದ್ದರೆ ಮಾತ್ರ ಅವರಿಗೇ ವಾಪಸ್ ಕೊಡಿ. ಈ ಆರಿಸುವ ಕೆಲಸ ಪೂರ್ತಿ ಒಂದು ಕಾಮನ್ ಈವೆಂಟ್‌ನಲ್ಲಿ (ಯಾವ ಮ್ಯಾಪ್‌ನಿಂದ ಬೇಕಾದರೂ ಕರೆಯಬಹುದಾದ ಕಮಾಂಡ್‌ಗಳ ಪಟ್ಟಿ) ಇರಲಿ. ಪ್ರತಿ ಮ್ಯಾಪ್‌ನಲ್ಲೂ ಬರೆಯಬೇಡಿ, ಆಮೇಲೆ ತಿದ್ದೋಕೆ ಆಗಲ್ಲ.

ಜೋಡಿ ಮಾತುಗಳ ಆಸೆಗೆ ಬೀಳಬೇಡಿ. ಏಳು ಜನರಲ್ಲಿ 21 ಜೋಡಿ ಆಗುತ್ತವೆ. ನಿಜವಾಗಿ ಹಳೇ ಲೆಕ್ಕ ಬಾಕಿ ಇರುವ ಜೋಡಿಗಳಿಗೆ ಮಾತ್ರ ಬರೆಯಿರಿ. ಗೌಡ್ರು ಮತ್ತು ಕೆಂಚಪ್ಪ ಸರಿ. ಮೇಷ್ಟ್ರು ಮತ್ತು ಅವರ ಹಳೇ ಶಿಷ್ಯ ಲೋಕೇಶ ಇರಬಹುದು. ಸೀತಮ್ಮ ಮತ್ತು ರಫೀಕ್ ನಡುವೆ ಏನೂ ಇಲ್ಲ ಅಂದರೆ ಏನೂ ಇಲ್ಲ.

ಇನ್ನು ‘ಗೌಡ್ರು ಬಿದ್ದ’. ಇಂಗ್ಲಿಷ್‌ನಲ್ಲಿ ಹೆಸರು ಬದಲಾಯಿಸಿದರೂ ಕ್ರಿಯಾಪದ ಹಾಗೇ ಇರುತ್ತದೆ. ನಮ್ಮಲ್ಲಿ ಬಿದ್ದ, ಬಿದ್ದಳು, ಬಿದ್ದರು ಅಂತ ಕಡೇಪಕ್ಷ ಮೂರು ಬೇಕು. ಮೂರೂ ಬರೆದು ಬ್ರ್ಯಾಂಚ್ ಹಾಕಬಹುದು. ಅದಕ್ಕಿಂತ ಸುಲಭದ ದಾರಿ, ವಾಕ್ಯವನ್ನೇ ತಿರುಗಿಸೋದು. ಬಿದ್ದವರು ಆಸಾಮಿ ಬೇಡ, ಅವರ ಕಾಲು ಜಾರಲಿ:

ಗೌಡ್ರ ಕಾಲು ಜಾರಿತು. ಕೆಂಚಪ್ಪನ ಕಾಲು ಜಾರಿತು. ಪುಟ್ಟಿಯ ಕಾಲು ಜಾರಿತು.

ಕ್ರಿಯಾಪದ ಈಗ ಕಾಲಿನದ್ದು. ಗಂಡು, ಹೆಣ್ಣು, ಮರ್ಯಾದೆ ಯಾವುದರ ಗೊಡವೆಯೂ ಇಲ್ಲ. ಹಾಗೇ ‘ಗೌಡ್ರಿಗೆ ಸುಸ್ತಾಯಿತು’, ‘ಪುಟ್ಟಿಗೆ ಬೀಗದ ಕೈ ಸಿಕ್ಕಿತು’, ‘ರಫೀಕ್‌ಗೆ ದಾರಿ ಗೊತ್ತು’. ಹಸಿವು, ಭಯ, ನೆನಪು, ಇಷ್ಟ, ಬೇಕು, ಬೇಡ, ಸಾಕು, ಎಲ್ಲವೂ ಕನ್ನಡದಲ್ಲಿ ‘ಗೆ’ ಹಚ್ಚಿದರೆ ನಡೆಯುತ್ತವೆ. ಅಂದರೆ ಪ್ರತಿ ಪಾತ್ರಕ್ಕೂ ಹೆಸರಿನ ಜೊತೆ ಎರಡೇ ರೂಪ ಇಟ್ಟುಕೊಂಡರೆ ಮುಕ್ಕಾಲು ಪಾಲು ಕೆಲಸ ಆಯ್ತು.

ಇಡೋದು ಎಲ್ಲಿ? ಡೇಟಾಬೇಸ್‌ನಲ್ಲಿ ಪ್ರತಿ ಆಕ್ಟರ್‌ಗೂ ನೋಟ್ ಅಂತ ಒಂದು ಬಾಕ್ಸ್ ಇದೆಯಲ್ಲ, ಅಲ್ಲಿ ಹೀಗೆ ಬರೆಯಿರಿ:

<ಅವರ:ಗೌಡ್ರ>
<ಅವರಿಗೆ:ಗೌಡ್ರಿಗೆ>

ಕನ್ನಡ ಅಕ್ಷರವೇ ನಡೆಯುತ್ತದೆ. ಕೋಲನ್ ಆದ ಮೇಲೆ ಜಾಗ ಬಿಡಬೇಡಿ, ಬಿಟ್ಟರೆ ಆ ಜಾಗವೂ ಹೆಸರಿನ ಜೊತೆ ಬರುತ್ತದೆ. ಸ್ಕ್ರಿಪ್ಟ್‌ನಲ್ಲಿ ಆ ಆಕ್ಟರ್‌ನ ‘ಮೆಟಾ’ದಿಂದ (ನೋಟ್‌ನಲ್ಲಿ ಹೀಗೆ ಬರೆದದ್ದು ಸಿಗುವ ಜಾಗ) ಇದನ್ನು ಎತ್ತಿ ಒಂದು ಗೇಮ್ ವೇರಿಯಬಲ್‌ಗೆ ಹಾಕಿ. ವೇರಿಯಬಲ್‌ನಲ್ಲಿ ನಂಬರ್ ಅಷ್ಟೇ ಅಲ್ಲ, ಸ್ಕ್ರಿಪ್ಟ್ ಮೂಲಕ ಪದವನ್ನೂ ಇಡಬಹುದು. ಮೆಸೇಜ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ವಿ ಕೋಡ್ ಕೊಟ್ಟರೆ ಅದು ಹಾಗೇ ಕಾಣುತ್ತದೆ.

ಮುಖದ ಚಿತ್ರ ಮಾತ್ರ ಹೀಗೆ ಬದಲಾಗೋದಿಲ್ಲ. ‘ಶೋ ಟೆಕ್ಸ್ಟ್’ನಲ್ಲಿ ಒಂದು ಮುಖ ಆರಿಸಿದರೆ ಅದೇ ಖಾಯಂ. ಒಂದೊಂದು ಪಾತ್ರಕ್ಕೂ ಬೇರೆ ‘ಶೋ ಟೆಕ್ಸ್ಟ್’ ಇಟ್ಟರೆ ಈ ತೊಂದರೆ ಇಲ್ಲ. ನೀವು ಹೇಗೂ ಧಾಟಿ ಬೇರೆ ಬೇರೆ ಬರೆಯುತ್ತೀರಲ್ಲ.

ಕರೆಯುವ ಪದಕ್ಕೂ ಒಂದು ಪಟ್ಟಿ ಮಾಡಿ. ಯಾರು ಯಾರನ್ನು ಏನಂತ ಕರೀತಾರೆ ಅಂತ. ಗೌಡ್ರು ಚಂದ್ರಿಗೆ ‘ಮಗಾ’ ಅಂತಾರೆ, ಮೇಷ್ಟ್ರಿಗೆ ‘ಮೇಷ್ಟ್ರೇ’. ಪುಟ್ಟಿ ಎಲ್ಲರಿಗೂ ಅಣ್ಣ, ಅಕ್ಕ, ಅಜ್ಜ ಹಚ್ಚುತ್ತಾಳೆ. ಕೆಂಚಪ್ಪ ಗೌಡ್ರ ಎದುರು ‘ನೀವು’, ಬೆನ್ನ ಹಿಂದೆ ‘ಅವನು’. ಗೌಡ್ರು ಪಾರ್ಟಿಯಲ್ಲಿ ಇಲ್ಲದಾಗ ಕೆಂಚಪ್ಪ ‘ಅವನು’ ಅಂದರೆ ಆ ಒಂದು ಪದದಲ್ಲೇ ಅರ್ಧ ಕಥೆ ಹೇಳಿದ ಹಾಗೆ. ಈ ತರಹದ ಬ್ರ್ಯಾಂಚ್‌ಗೆ ಸಮಯ ಕೊಡಿ, ಲಾಭ ಇದೆ.

ಬೇಲೂರು_ಪಿಕ್ಸೆಲ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಎಂಝಡ್‌ನಲ್ಲೇ ಕನ್ನಡ ಹಾಕುತ್ತಿದ್ದೇನೆ. ಮೆಸೇಜ್ ಬರುವಾಗ ಒತ್ತಕ್ಷರ ಎಲ್ಲ ಒಡೆದು ಬರುತ್ತದೆ. ‘ಪುಟ್ಟಿ’ ಅನ್ನೋದು ಪ, ಕೊಂಬು, ಟ ಅಂತ ಚೂರುಚೂರಾಗಿ ಕಾಣುತ್ತದೆ. ಫಾಂಟ್ ಬದಲಾಯಿಸಿದರೂ ಹಾಗೇ. ನಿಮಗೆ ಹೀಗಾಗಿಲ್ವಾ?

ರಾತ್ರಿಗೂಬೆ, ಚಿಕ್ಕಮಗಳೂರು

ಫಾಂಟ್‌ದಲ್ಲ ತಪ್ಪು. ಮೆಸೇಜ್ ಒಂದೊಂದೇ ಅಕ್ಷರವಾಗಿ ಟೈಪ್ ಆದ ಹಾಗೆ ಬರುತ್ತದಲ್ಲ, ಪ್ರತಿ ಚೂರನ್ನೂ ಬೇರೆ ಬೇರೆಯಾಗಿ ಬರೆಯುತ್ತದೆ. ವ್ಯಂಜನ, ಒತ್ತು, ಗುಣಿತ ಒಟ್ಟಿಗೆ ಸಿಕ್ಕಿದರೆ ತಾನೇ ಅಕ್ಷರ ಕೂಡಿಕೊಳ್ಳೋದು. ಪ್ರತಿ ಸಾಲಿನ ಶುರುವಿಗೆ ಬ್ಯಾಕ್‌ಸ್ಲ್ಯಾಶ್ ಮತ್ತು ‘>’ ಚಿಹ್ನೆ ಹಾಕಿ. ಆ ಸಾಲು ಪೂರ್ತಿ ಒಂದೇ ಸಲಕ್ಕೆ ಬರುತ್ತದೆ, ಅಕ್ಷರ ಒಡೆಯೋದಿಲ್ಲ. ಟೈಪ್ ಆಗುವ ಮಜಾ ಹೋಗುತ್ತದೆ, ಹೋಗಲಿ ಬಿಡಿ. ಬಣ್ಣದ ಕೋಡ್ ಬಳಸುವುದಾದರೆ ಪದದ ಮಧ್ಯೆ ಹಾಕಬೇಡಿ. ‘ಗೌಡ್ರ’ ಕೆಂಪು, ‘ಇಗೆ’ ಬಿಳಿ ಮಾಡಲು ಹೋದರೆ ಅಲ್ಲೇ ಮತ್ತೆ ಒಡೆಯುತ್ತದೆ. ಪೂರ್ತಿ ಪದಕ್ಕೆ ಬಣ್ಣ ಕೊಡಿ.

ಹೇಮಾವತಿ_ದಂಡೆ, ಸಕಲೇಶಪುರ

ನೆಲಮನೆಯ ದೃಶ್ಯ ಹೊಸದಾಗಿ ಬರೆದೆ. ಕಾಲು ಜಾರುವ ಉಪಾಯ ಸಖತ್ತಾಗಿದೆ. ಮೇಷ್ಟ್ರಿಗೆ ಮಾತ್ರ ಅಲ್ಲಿ ಏನೂ ಬರೆದಿಲ್ಲ. ಅವರಿಗೆ ಕೋಟೆ ಬಾಗಿಲಲ್ಲೇ ಎಂಟು ಮೂಲೆಯ ನಕ್ಷತ್ರದ ಆಕಾರ, 1792ರಲ್ಲಿ ಟಿಪ್ಪು ಕಟ್ಟಿಸಿದ್ದು ಅಂತೆಲ್ಲ ಜಾಸ್ತಿ ಮಾತು ಕೊಟ್ಟಿದ್ದೇನೆ. ಈಗ ಒಂದೇ ಅನುಮಾನ: 35 ಗುಂಪನ್ನೂ ಆಡಿ ನೋಡಬೇಕಾ?

ರಾತ್ರಿಗೂಬೆ, ಚಿಕ್ಕಮಗಳೂರು

ಬೇಡ. ಚಂದ್ರಿ ಒಬ್ಬಳೇ ಹೋಗುವ ಹಾಗೆ ಪರೀಕ್ಷೆಗೆ ಒಂದು ಈವೆಂಟ್ ಮಾಡಿ, ಕೋಟೆ ಪೂರ್ತಿ ಸುತ್ತಿ. ಎಲ್ಲಾದರೂ ಸಂಭಾಷಣೆ ಖಾಲಿ ಬಂದರೆ ಅಲ್ಲಿ ಅವಳ ಸಾಲು ಬಿಟ್ಟುಹೋಗಿದೆ. ಆಮೇಲೆ ಅವಳ ಜೊತೆ ಒಬ್ಬೊಬ್ಬರನ್ನೇ ಕಳಿಸಿ, ಏಳು ಸಲ. ಕೊನೆಗೆ ಜೋಡಿ ಮಾತು ಬರೆದಿರುವ ಜೋಡಿಗಳು. ಮೂವರ ಗುಂಪಲ್ಲಿ ಸರದಿ ಸರಿಯಾಗಿ ತಿರುಗುತ್ತಿದೆಯಾ ಅಂತ ನೋಡಲು ಒಂದೆರಡು ಗುಂಪು ಸಾಕು. ಪ್ಲೇಟೆಸ್ಟ್‌ನಲ್ಲಿ ಎಫ್9 ಒತ್ತಿದರೆ ಸ್ವಿಚ್, ವೇರಿಯಬಲ್ ಎಲ್ಲ ಕಾಣುತ್ತವೆ. ‘ಕಳೆದ ಸಲ ಮಾತಾಡಿದವರು’ ಯಾರು ಅಂತ ಅಲ್ಲೇ ನೋಡಿಕೊಳ್ಳಬಹುದು.

ಮೇಷ್ಟ್ರ ಆ ಇತಿಹಾಸದ ಮಾತನ್ನು ಎರಡು ಮೆಸೇಜ್‌ಗೆ ಇಳಿಸಿ. ಪಕ್ಕದಲ್ಲಿ ಲೋಕೇಶ ಇದ್ದರೆ ಮೂರನೆಯದಕ್ಕೆ ಅವನು ಆಕಳಿಸಲಿ.