ವಯಸ್ಸು 38, ಕಲಿತದ್ದು ಎರಡೇ ವರ್ಷ: ಫಿಗರ್ ಸ್ಕೇಟಿಂಗ್‌ನಲ್ಲಿ ನಾನು ಯಾವ ಗುಂಪು?

ಪ್ರಶ್ನೆ: ಮೇಡಂ, ಮೇ ತಿಂಗಳಲ್ಲಿ ಮೊದಲ ಸಲ ವಯಸ್ಕರ ಸ್ಪರ್ಧೆಗೆ ಇಳಿಯೋಣ ಅಂತಿದ್ದೇನೆ. ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ನಿಯಮವೇ ಅಲ್ಲಿಯೂ. ಕಳೆದ ಆಗಸ್ಟ್‌ನಲ್ಲಿ 38 ತುಂಬಿತು. ಸಾಲ್ಕೋವ್, ಟೋ ಲೂಪ್ ಅನ್ನುವ ಒಂದು ಸುತ್ತಿನ ಜಂಪ್‌ಗಳು ಬರುತ್ತವೆ, ಒಂದೂವರೆ ಸುತ್ತಿನ ಆಕ್ಸೆಲ್ ಇನ್ನೂ ಇಲ್ಲ. ಇಪ್ಪತ್ತರ ಹುಡುಗಿಯರ ಜೊತೆ ನಿಲ್ಲಿಸಿಬಿಡುತ್ತಾರಾ?

ಕೋಚ್: ಇಲ್ಲಮ್ಮ, ಆ ಭಯ ಬಿಡಿ. ಮೊದಲು ಮಟ್ಟ ನೋಡುತ್ತಾರೆ, ಆಮೇಲೆ ವಯಸ್ಸು. ಬ್ರಾಂಜ್, ಸಿಲ್ವರ್, ಗೋಲ್ಡ್, ಮಾಸ್ಟರ್ಸ್ ಅಂತ ಮಟ್ಟಗಳು. ಇವು ಪದಕದ ಹೆಸರುಗಳಲ್ಲ, ಹೊಸಬರು ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಬ್ರಾಂಜ್‌ನಲ್ಲಿ ಒಂದು ಸುತ್ತಿನ ಜಂಪ್‌ಗಳು ಮಾತ್ರ, ಆಕ್ಸೆಲ್ ಮಾಡುವಂತಿಲ್ಲ. ಸಿಲ್ವರ್‌ನಲ್ಲಿ ಆಕ್ಸೆಲ್ ಮಾಡಬಹುದು, ಡಬಲ್, ಅಂದರೆ ಎರಡು ಸುತ್ತಿನ ಜಂಪ್ ಇಲ್ಲ. ಗೋಲ್ಡ್‌ನಲ್ಲಿ ಸುಲಭದ ಕೆಲವು ಡಬಲ್‌ಗಳಿಗೂ ಅವಕಾಶ ಇದೆ. ನಿಮ್ಮದು ಬ್ರಾಂಜ್.

ವಯಸ್ಸಿನ ಗುಂಪುಗಳು ಹತ್ತು ಹತ್ತು ವರ್ಷಕ್ಕೆ: 28ರಿಂದ 37 ಮೊದಲನೆಯದು, 38ರಿಂದ 47 ಎರಡನೆಯದು, ಹೀಗೆ ಎಪ್ಪತ್ತು ದಾಟಿದವರವರೆಗೂ. ಆದರೆ ವಯಸ್ಸನ್ನು ಲೆಕ್ಕ ಹಾಕುವುದು ಸ್ಪರ್ಧೆಯ ದಿನಕ್ಕಲ್ಲ, ಅದಕ್ಕೂ ಹಿಂದಿನ ಜುಲೈ 1ಕ್ಕೆ. ಆ ದಿನ ನಿಮಗೆ 37 ಅಲ್ವಾ? ಹಾಗಾಗಿ ಈ ಸಲ ಮೊದಲ ಗುಂಪು. ಅಲ್ಲಿ ನೀವೇ ಎಲ್ಲರಿಗಿಂತ ದೊಡ್ಡವರಿರಬಹುದು. ಮುಂದಿನ ಜುಲೈ ಕಳೆದರೆ ಎರಡನೇ ಗುಂಪಿಗೆ ಹೋಗುತ್ತೀರಿ.

ಪ್ರಶ್ನೆ: ನಮ್ಮ ಗುಂಪಿಗೆ ಇಬ್ಬರೇ ಹೆಸರು ಕೊಟ್ಟರೆ?

ಕೋಚ್: ಪಕ್ಕದ ವಯಸ್ಸಿನವರ ಜೊತೆ ಸೇರಿಸಬಹುದು. ಜಾಸ್ತಿ ಜನ ಬಂದರೆ ಒಡೆಯುವುದೂ ಉಂಟು.

ಪ್ರಶ್ನೆ: ಚಿಕ್ಕಂದಿನಲ್ಲೇ ಕಲಿತವರು ಬ್ರಾಂಜ್‌ಗೆ ಬಂದರೆ ನನ್ನಂಥವರ ಗತಿ?

ಕೋಚ್: ನಿಮ್ಮ ಕಳವಳ ನ್ಯಾಯವೇ. ಅದಕ್ಕೇ ಮೇಲಿನ ಮಟ್ಟದ ಪರೀಕ್ಷೆ ಪಾಸಾದವರು ಕೆಳಗಿನ ಮಟ್ಟಕ್ಕೆ ಬರುವಂತಿಲ್ಲ. ಹಿಂದೆ ದೊಡ್ಡ ಚಾಂಪಿಯನ್‌ಷಿಪ್‌ಗಳಲ್ಲಿ ಸ್ಪರ್ಧಿಸಿದವರಿಗೆ ಮಾಸ್ಟರ್ಸ್‌ನಲ್ಲೇ ಎಲೀಟ್ ಅಂತ ಬೇರೆ ವಿಭಾಗ ಇದೆ. ಆದರೂ ಬಾಲ್ಯದಲ್ಲಿ ಐಸ್ ಮೇಲೆ ಬೆಳೆದವರ ಓಟವೇ ಬೇರೆ, ಅದನ್ನು ಯಾವ ನಿಯಮವೂ ಪೂರ್ತಿ ಸರಿದೂಗಿಸುವುದಿಲ್ಲ.

ನನ್ನ ಒಂದು ಮಾತು ಕೇಳಿ. ಆಕ್ಸೆಲ್ ಅರ್ಧಂಬರ್ಧ ಬಂದ ತಕ್ಷಣ ಸಿಲ್ವರ್‌ಗೆ ಹಾರಬೇಡಿ. ತೀರ್ಪುಗಾರರು ಎಡ್ಜ್‌ನ (ಸ್ಕೇಟ್ ಅಲಗಿನ ಅಂಚಿನ) ಆಳ, ವೇಗ, ಸಂಗೀತದ ಜೊತೆಗಿನ ಹೊಂದಾಣಿಕೆಗೂ ಅಂಕ ಕೊಡುತ್ತಾರೆ. ಹೆದರಿ ಹೆದರಿ ಮಾಡಿದ ಆಕ್ಸೆಲ್‌ಗಿಂತ ಹಗುರಾಗಿ ಇಳಿದ ಸಾಲ್ಕೋವ್ ನೋಡುವುದೇ ನನಗೆ ಖುಷಿ. ಈಗ ಸಾಲ್ಕೋವ್, ಟೋ ಲೂಪ್, ಒಂದು ಗಟ್ಟಿ ಸ್ಪಿನ್ ಇಟ್ಟುಕೊಂಡು ಕಾರ್ಯಕ್ರಮ ಕಟ್ಟಿ. ವಿಡಿಯೋ ಕಳಿಸಿ, ನೋಡಿ ಹೇಳುತ್ತೇನೆ.