‘ಸ್ಮೋಕ್ ಆನ್ ದ ವಾಟರ್’ ಸಿಂಗಲ್ ಆಗಲು ವರ್ಷಕ್ಕೂ ಹೆಚ್ಚು ಕಾಲ ಹಿಡಿದದ್ದೇಕೆ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ನಾಲ್ವರು ಗೆಳೆಯರು ಕನ್ನಡದಲ್ಲೇ ಹಾರ್ಡ್ ರಾಕ್ ಹಾಡುಗಳನ್ನು ಕಟ್ಟುತ್ತಿದ್ದೇವೆ. ಮೊದಲ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾಗುವ ಹಾಡು) ಆಗಿ ಹೊರತರಬೇಕೆಂದಿರುವ ಹಾಡು ಆರು ನಿಮಿಷದಷ್ಟಿದೆ. ಅದನ್ನು ನಾಲ್ಕು ನಿಮಿಷದೊಳಗೆ ಇಳಿಸಲೇಬೇಕೆಂದು ರೆಕಾರ್ಡಿಂಗ್ ಮಾಡಿಕೊಟ್ಟವರು ಪಟ್ಟು ಹಿಡಿದಿದ್ದಾರೆ. ಇದೇ ಮಾತಿನ ನಡುವೆ ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ನ ‘ಸ್ಮೋಕ್ ಆನ್ ದ ವಾಟರ್’ ಪ್ರಸ್ತಾಪವಾಯಿತು. 1972ರ ಮಾರ್ಚ್‌ನಲ್ಲಿ ‘ಮಷೀನ್ ಹೆಡ್’ ಆಲ್ಬಮಿನಲ್ಲಿ ಬಂದ ಹಾಡು 1973ರಲ್ಲಷ್ಟೇ ಸಿಂಗಲ್ ಆಯಿತಂತೆ. ಅಷ್ಟು ಬಲವಾದ ಹಾಡಿನ ಶಕ್ತಿ ಅದನ್ನು ಕಟ್ಟಿದವರಿಗೇ ತಿಳಿಯಲಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಚಿಕ್ಕಮಗಳೂರಿನಿಂದ)

ತಿಳಿಯಲಿಲ್ಲ ಎನ್ನುವುದೇ ಸರಿ, ಆದರೆ ಅದಕ್ಕೆ ಹಾಡು ಹುಟ್ಟಿದ ರೀತಿಯೂ ಕಾರಣ. 1971ರ ಡಿಸೆಂಬರ್‌ನಲ್ಲಿ ತಂಡದವರು ಸ್ವಿಟ್ಜರ್ಲೆಂಡಿನ ಮಾಂತ್ರೋ ಊರಿಗೆ ಹೋದದ್ದು ಅಲ್ಲಿನ ಕ್ಯಾಸಿನೋದಲ್ಲಿ ಇಡೀ ಆಲ್ಬಮನ್ನು ಮುದ್ರಿಸುವುದಕ್ಕಾಗಿ. ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋ ಲಾರಿಯನ್ನು ಅದಕ್ಕಾಗಿಯೇ ಗೊತ್ತುಮಾಡಿಕೊಂಡಿದ್ದರು. ಡಿಸೆಂಬರ್ 4ರಂದು ಅದೇ ಕಟ್ಟಡದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಝಾಪಾ ಅವರ ಕಛೇರಿ ನಡೆಯುತ್ತಿದ್ದಾಗ ಪ್ರೇಕ್ಷಕರಲ್ಲಿ ಯಾರೋ ಒಬ್ಬರು ಛಾವಣಿಯತ್ತ ಫ್ಲೇರ್ ಗನ್ (ಸಂಕೇತಕ್ಕಾಗಿ ಉರಿಯುವ ಗುಂಡು ಹಾರಿಸುವ ಪಿಸ್ತೂಲು) ಹಾರಿಸಿ, ಕಟ್ಟಡವೇ ಸುಟ್ಟುಹೋಯಿತು. ಜಿನೀವಾ ಸರೋವರದ ಮೇಲೆ ಹರಡಿದ ಆ ಹೊಗೆಯೇ ಹಾಡಿನ ಶೀರ್ಷಿಕೆ. ಅದನ್ನು ಸೂಚಿಸಿದವರು ಬಾಸ್ ವಾದಕ ರೋಜರ್ ಗ್ಲೋವರ್.

ಅನಂತರ ಪೆವಿಲಿಯನ್ ಎಂಬ ರಂಗಮಂದಿರದಲ್ಲಿ ಈ ಹಾಡಿನ ವಾದ್ಯಗಳ ಭಾಗವನ್ನು ಮುದ್ರಿಸುತ್ತಿರುವಾಗ, ಸದ್ದಿನ ಬಗ್ಗೆ ಸುತ್ತಲಿನವರು ದೂರು ಕೊಟ್ಟು ಪೊಲೀಸರು ಬಂದರು. ಮುದ್ರಣ ಮುಗಿಯುವವರೆಗೂ ತಂಡದ ಸಹಾಯಕರು ಬಾಗಿಲನ್ನು ಒತ್ತಿ ಹಿಡಿದಿದ್ದರೆಂದು ತಂಡದವರೇ ಹೇಳಿಕೊಂಡಿದ್ದಾರೆ. ಆಗಿನ್ನೂ ಅದಕ್ಕೆ ಸಾಹಿತ್ಯವೂ ಇರಲಿಲ್ಲ, ಹೆಸರೂ ಇರಲಿಲ್ಲ. ಆಲ್ಬಮಿನ ಉಳಿದ ಭಾಗವೆಲ್ಲ ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ, ಹಾಸಿಗೆಗಳನ್ನು ಗೋಡೆಗೊರಗಿಸಿ ಸದ್ದು ತಗ್ಗಿಸಿಕೊಂಡು ಮುಗಿಯಿತು.

ಹೀಗೆ ನಡೆದದ್ದನ್ನು ನಡೆದಂತೆ ಹೇಳುವ ಹಾಡು ಮಾರಾಟಕ್ಕೆ ಒದಗುತ್ತದೆಂದು ಅವರಿಗೆ ತೋಚಲಿಲ್ಲ. ಅವರು ಸಿಂಗಲ್ ಆಗಿ ಆರಿಸಿಕೊಂಡದ್ದು ‘ನೆವರ್ ಬಿಫೋರ್’. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 35ನೇ ಸ್ಥಾನದಲ್ಲೇ ನಿಂತಿತು. 1973ರಲ್ಲಿ 5 ನಿಮಿಷ 40 ಸೆಕೆಂಡಿನ ‘ಸ್ಮೋಕ್ ಆನ್ ದ ವಾಟರ್’ ಹಾಡನ್ನು 4 ನಿಮಿಷದೊಳಗೆ ಕತ್ತರಿಸಿ ಅಮೆರಿಕದಲ್ಲಿ ಬಿಡುಗಡೆ ಮಾಡಿದಾಗ ರೇಡಿಯೋಗಳು ಎತ್ತಿಕೊಂಡವು, ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 4ನೇ ಸ್ಥಾನಕ್ಕೆ ಏರಿತು. ನನಗೆ ಬಹಳ ಸಂಕಟದ ಸಂಗತಿಯೆಂದರೆ, ಆ ಹೊತ್ತಿಗೆ ಗಾಯಕ ಇಯಾನ್ ಗಿಲನ್ ಮತ್ತು ಗ್ಲೋವರ್ ಇಬ್ಬರೂ ತಂಡದಲ್ಲಿರಲಿಲ್ಲ; ಅದೇ ವರ್ಷದ ಜೂನ್ ಕೊನೆಯಲ್ಲಿ ಜಪಾನಿನ ಒಸಾಕಾದಲ್ಲಿ ಕೊನೆಯ ಕಛೇರಿ ಮುಗಿಸಿ ಹೊರನಡೆದಿದ್ದರು.

ಉತ್ತರ 2 (ಸಕಲೇಶಪುರದಿಂದ)

ಮೇಲಿನವರು ವಿವರವಾಗಿ ಬರೆದಿದ್ದಾರೆ, ಆದರೆ ಕತ್ತರಿಸಿದ್ದರಿಂದಲೇ ಗೆದ್ದಿತು ಎಂಬ ಅರ್ಥ ಬರಬಾರದು. ಆ ಸಿಂಗಲ್ಲಿನ ಡಿಸ್ಕಿನ ಇನ್ನೊಂದು ಬದಿಯಲ್ಲಿ, ಅದಕ್ಕೂ ಮೊದಲು ಜಪಾನಿನಲ್ಲಿ ನಡೆದ ಕಛೇರಿಯಲ್ಲಿ ನುಡಿಸಿದ ಅದೇ ಹಾಡನ್ನು ಕೊಟ್ಟಿದ್ದರು. ‘ಮೇಡ್ ಇನ್ ಜಪಾನ್’ ಎಂಬ ಆ ನೇರ ಮುದ್ರಣದ ಆಲ್ಬಮು ಕೇಳುಗರಲ್ಲಿ ಹುಟ್ಟಿಸಿದ ಆಸಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀವು ಚಿಕ್ಕ ರೂಪವನ್ನು ಹೊರತಂದರೂ ಪೂರ್ಣ ರೂಪವನ್ನು ಅದರ ಜೊತೆಗೇ ಕೊಡಿ.

ಉತ್ತರ 3 (ಹಾಸನದಿಂದ)

ನಾನು ವೀಣೆ ಕಲಿತವಳು, ಗಿಟಾರ್ ಆಮೇಲೆ ಬಂದದ್ದು. ಎಷ್ಟು ಕತ್ತರಿಸಬೇಕು ಎಂಬುದಕ್ಕಿಂತ ಯಾವುದನ್ನು ಮುಟ್ಟಬಾರದು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ ಎನ್ನುತ್ತೇನೆ. ಆ ಹಾಡಿನ ಮುಖ್ಯ ರಿಫ್ಫಿನಲ್ಲಿ, ಅಂದರೆ ಮರಳಿ ಮರಳಿ ಬರುವ ಚಿಕ್ಕ ಗಿಟಾರ್ ಸ್ವರಗುಚ್ಛದಲ್ಲಿ, ಇರುವುದು ನಾಲ್ಕೇ ಸ್ವರ. ‘ಜಿ’ಯನ್ನು ಷಡ್ಜವಾಗಿ ಇಟ್ಟುಕೊಂಡರೆ ಸ ಗ ಮ, ಸ ಗ ಮ ಮ, ಸ ಗ ಮ ಗ ಸ; ಗಾಂಧಾರ ಸಾಧಾರಣ, ಎರಡನೆಯ ಸಲ ಮಾತ್ರ ಶುದ್ಧ ಮಧ್ಯಮಕ್ಕೆ ಮುನ್ನ ಪ್ರತಿ ಮಧ್ಯಮ ಬಂದುಹೋಗುತ್ತದೆ. ಆ ಒಂದು ಪ್ರತಿ ಮಧ್ಯಮವನ್ನು ತೆಗೆದು ನುಡಿಸಿ ನೋಡಿ, ರಿಫ್ ಸಪ್ಪೆಯಾಗುತ್ತದೆ. ಪ್ರತಿ ಸ್ವರದ ಕೆಳಗೂ ಇನ್ನೊಂದು ಸ್ವರ ಜೊತೆಗಿದೆ, ಷಡ್ಜದ ಕೆಳಗೆ ಮಂದ್ರ ಪಂಚಮ ಇರುವಂತೆ. ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಎರಡು ತಂತಿಗಳನ್ನು ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಇಲ್ಲದೆ ಬೆರಳುಗಳಿಂದ ಒಟ್ಟಿಗೇ ಮೀಟುವುದರಿಂದ ಎರಡೂ ಒಂದೇ ಕ್ಷಣದಲ್ಲಿ ಮೊಳಗುತ್ತವೆ; ಪ್ಲೆಕ್ಟ್ರಮ್‌ನಿಂದ ಕೆಳಕ್ಕೆ ಎಳೆದರೆ ಒಂದರ ಹಿಂದೆ ಒಂದು ಕೇಳಿಸಿ ಆ ಬಿಗಿ ಹೋಗಿಬಿಡುತ್ತದೆ.

ಜೊತೆಗೆ, ವಾದ್ಯಗಳು ಒಳಬರುವ ಕ್ರಮವನ್ನು ಗಮನವಿಟ್ಟು ಕೇಳಿ. ಮೊದಲು ಗಿಟಾರ್ ಒಂದೇ, ಆಮೇಲೆ ಡ್ರಮ್ಸ್ ವಾದಕ ಇಯಾನ್ ಪೇಸ್ ಅವರ ಹೈ-ಹ್ಯಾಟ್ (ಜೋಡಿ ತಾಳ) ಮತ್ತು ಜಾನ್ ಲಾರ್ಡ್ ಅವರ ಕರಕಲು ದನಿಯ ಹ್ಯಾಮಂಡ್ ಆರ್ಗನ್, ಬಳಿಕ ಪೂರ್ತಿ ಡ್ರಮ್ಸ್, ಅನಂತರ ಬಾಸ್, ಕಡೆಗೆ ಕಂಠ. ನಿಮ್ಮ ಆರು ನಿಮಿಷದಲ್ಲಿ ಇಂಥ ಏರಿಕೆ ಇದ್ದರೆ ಅದನ್ನು ಹಾಗೆಯೇ ಉಳಿಸಿಕೊಂಡು, ನಡುವೆ ಮರಳಿ ಮರಳಿ ಬರುವ ಭಾಗಗಳಿಂದ ಮೊದಲು ಕತ್ತರಿಸಿ. ಹಾಡನ್ನು ಇಲ್ಲಿ ಹಂಚಿಕೊಂಡರೆ ಕೇಳಿ, ಯಾವ ಜಾಗ ಎಂದು ನಿಖರವಾಗಿ ಹೇಳುತ್ತೇನೆ.