ಅಪ್‌ಡೇಟ್: ಮ್ಯಾಸ್ಕಾಟ್ ಪ್ರಬಂಧಕ್ಕೆ ಲೇಖನಗಳು ಸಿಕ್ಕವು

ಅಮೆರಿಕದ ಮೂಲನಿವಾಸಿಗಳ ಹೆಸರು, ಮುಖವನ್ನು ಮ್ಯಾಸ್ಕಾಟ್ (ತಂಡದ ಗುರುತಿನ ಬೊಂಬೆ ಅಥವಾ ಲಾಂಛನ) ಆಗಿ ಬಳಸುವ ಕ್ರೀಡಾ ತಂಡಗಳ ಬಗ್ಗೆ ಪ್ರಬಂಧ ಬರೆಯಬೇಕು, ಗೂಗಲ್‌ನಲ್ಲಿ ಬರೀ ಸುದ್ದಿ, ಜಗಳ ಸಿಗುತ್ತಿದೆ ಅಂತ ಕೇಳಿದ್ದೆ ಅಲ್ವಾ? ಯೂನಿವರ್ಸಿಟಿ ಲೈಬ್ರರಿಯಲ್ಲಿ ಹುಡುಕಿ ಅಂದವರಿಗೆ ಥ್ಯಾಂಕ್ಸ್, ಕೆಲಸ ಆಯಿತು.

ಸುಮ್ನೆ 'ಕಲ್ಚರಲ್ ಅಪ್ರೋಪ್ರಿಯೇಷನ್' (ಬೇರೆಯವರ ಸಂಸ್ಕೃತಿಯ ಗುರುತುಗಳನ್ನು ತಮಗೆ ಬೇಕಾದಂತೆ ಬಳಸಿಕೊಳ್ಳುವುದು) ಅಂತ ಹಾಕಿದರೆ ಫ್ಯಾಷನ್, ಯೋಗ, ಸಂಗೀತ ಎಲ್ಲಾ ಬಂದು ಸುರಿಯುತ್ತದೆ. ಕ್ಯಾಟಲಾಗಿನಲ್ಲಿ ಒಂದು ಒಳ್ಳೆ ಪುಸ್ತಕ ತೆರೆದು, ಅದರ ಕೆಳಗಿದ್ದ 'ಇಂಡಿಯನ್ಸ್ ಆ್ಯಸ್ ಮ್ಯಾಸ್ಕಾಟ್ಸ್' (ಇಲ್ಲಿ ಇಂಡಿಯನ್ಸ್ ಅಂದರೆ ಅಮೆರಿಕದ ಮೂಲನಿವಾಸಿಗಳು) ಅನ್ನುವ ವಿಷಯದ ಲಿಂಕ್ ಒತ್ತಿದೆ ನೋಡಿ, ಬೇಕಾದ ಪುಸ್ತಕಗಳೆಲ್ಲ ಸಾಲಾಗಿ ಬಂದವು.

ಸಿಕ್ಕಿದ್ದರಲ್ಲಿ ಗಟ್ಟಿಯಾದದ್ದು ಮನಶ್ಶಾಸ್ತ್ರಜ್ಞೆ ಸ್ಟೆಫನಿ ಫ್ರೈಬರ್ಗ್ ಮತ್ತು ಸಂಗಡಿಗರ 2008ರ ಅಧ್ಯಯನ. ಅಮೆರಿಕದ ಕ್ಲೀವ್‌ಲ್ಯಾಂಡ್ ಬೇಸ್‌ಬಾಲ್ ತಂಡದ ಹಳೆಯ ಲಾಂಛನ ಚೀಫ್ ವಾಹೂ ಗೊತ್ತಲ್ವಾ, ಕೆಂಪು ಮುಖ, ತಲೆಗೊಂದು ಗರಿ, ಹಲ್ಲು ಕಿರಿದ ನಗು? ಅಂಥ ಚಿತ್ರ ನೋಡಿದ ಮೂಲನಿವಾಸಿ ವಿದ್ಯಾರ್ಥಿಗಳು ಹೇಳಿದ್ದು ಹೆಚ್ಚಾಗಿ ಒಳ್ಳೆಯ ಮಾತೇ, ಆದರೆ ಅಳೆದು ನೋಡಿದರೆ ಅವರ ಸ್ವಾಭಿಮಾನ ಇಳಿದಿತ್ತು. 'ನಾವು ಗೌರವ ಕೊಡುತ್ತಿದ್ದೇವೆ' ಅನ್ನುವ ಅಭಿಮಾನಿಗಳ ವಾದ ನನ್ನ ಪ್ರಕಾರ ಇಲ್ಲೇ ಬಿದ್ದುಹೋಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಇಂಥ ಮ್ಯಾಸ್ಕಾಟ್ ಬಿಡಿ ಅಂತ 2005ರಲ್ಲೇ ಹೇಳಿತ್ತು. ವಾಹೂ ಜರ್ಸಿಯಿಂದ ಹೋಗಿದ್ದು 2018ರ ಸೀಸನ್ ಮುಗಿದ ಮೇಲೆ!

ಪೂರ್ತಿಯಾಗಿ ಓದಲು ಸಿಗದ ಒಂದು ಲೇಖನಕ್ಕೆ ಇಂಟರ್‌ಲೈಬ್ರರಿ ಲೋನ್ (ಬೇರೆ ಲೈಬ್ರರಿಯಿಂದ ತರಿಸಿಕೊಡುವ ಕೋರಿಕೆ) ಹಾಕಿದ್ದೇನೆ, ಪಿಡಿಎಫ್ ಇನ್ನೂ ಬರಬೇಕು.